ಪ್ಲೇಟ್‌ಲೆಟ್ ತಿನ್ನುವವರು ಯಾರು?

ಈ ಅಂಕಣದಲ್ಲಿ ಸಾಮಾನ್ಯವಾಗಿ ಮೊಬೈಲು, ಪಾಸ್‌ವರ್ಡು, ಆನ್‌ಲೈನ್ ಮೋಸ ಇಂಥವುಗಳ ಬಗ್ಗೆ ಬರೆಯುತ್ತೇನೆ. ಈ ಸಲ ಅದ್ಯಾವುದೂ ಇಲ್ಲ. ನಮ್ಮಕ್ಕ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಮೂರು ವಾರ ಓದಿದ್ದನ್ನು ಬರೆಯುತ್ತಿದ್ದೇನೆ. ಪ್ರಶ್ನೆ ಇಷ್ಟೇ: "ಗುಲ್ಮ ತೆಗೆಸ್ಲಾ, ಬೇಡ್ವಾ? ನೀನು ಓದಿರೋನು, ಹೇಳು."

ನಾನು ಓದಿರೋದು ಕಂಪ್ಯೂಟರ್ ಸೈನ್ಸು. ಆದರೆ ನಮ್ಮ ಕಡೆ ಇಂಜಿನಿಯರಿಂಗ್ ಮಾಡಿದವನಿಗೆ ಬೋರ್‌ವೆಲ್ ಮೋಟಾರಿನಿಂದ ಹಿಡಿದು ಗುಲ್ಮದವರೆಗೆ ಎಲ್ಲಾ ಗೊತ್ತಿರಬೇಕು.

ಅಕ್ಕ ಇರೋದು ಹೊಸದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ. ತೆಂಗಿನ ತೋಟ, ಎರಡು ಹಸು, ಹೈಸ್ಕೂಲಿಗೆ ಹೋಗೋ ಮಗ. 2024ರ ಮಳೆಗಾಲದಲ್ಲಿ ಅವಳ ಕಾಲ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಎದ್ದವು. ಸೊಳ್ಳೆ ಕಡಿದಿದೆ ಅಂದುಕೊಂಡಳು. ಬೆರಳಲ್ಲಿ ಒತ್ತಿದರೂ ಮಾಯವಾಗದ ಚುಕ್ಕೆ ಅಂದರೆ ಚರ್ಮದೊಳಗೆ ರಕ್ತ ಜಿನುಗಿದೆ ಅಂತ ಅರ್ಥ. ಅದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ತೋಳಿನ ಮೇಲೆ, ತೊಡೆಯ ಮೇಲೆ ನೀಲಿ ಕಲೆಗಳು. ಪಕ್ಕದ ಮನೆಯವರು ಭಾವನನ್ನು ಒಂಥರಾ ನೋಡೋಕೆ ಶುರು ಮಾಡಿದ್ದರಂತೆ. ಪಾಪ, ಅವರು ಇರುವೆಗೂ ಹೊಡೆಯೋರಲ್ಲ. ಮುಟ್ಟು ಹನ್ನೆರಡು ದಿನವಾದರೂ ನಿಲ್ಲದೆ ಹೋದಾಗಲೂ "ಈ ವಯಸ್ಸಲ್ಲಿ ಎಲ್ರಿಗೂ ಹಿಂಗೇ" ಅಂತ ಸುಮ್ಮನಿದ್ದಳು. ಹಲ್ಲುಜ್ಜುವಾಗ ಬಾಯಿ ತುಂಬಾ ರಕ್ತ ಬಂದ ದಿನ ಭಾವ ಚಿತ್ರದುರ್ಗಕ್ಕೆ ಕರಕೊಂಡು ಹೋದರು. ಪ್ಲೇಟ್‌ಲೆಟ್ 9 ಸಾವಿರ. ಇರಬೇಕಾದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ.

ಆ ವರ್ಷ ಡೆಂಗಿ ಎಷ್ಟು ಹಬ್ಬಿತ್ತು ಅಂದರೆ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತ್ತು. ಹಾಗಾಗಿ ಪ್ಲೇಟ್‌ಲೆಟ್ ಕಡಿಮೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಮಾತು. ಅಕ್ಕನಿಗೆ ಒಂದು ದಿನವೂ ಜ್ವರ ಬಂದಿರಲಿಲ್ಲ ಅನ್ನೋದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ. ಹೊಳಲ್ಕೆರೆಯಿಂದ ದೊಡ್ಡಮ್ಮ ಒಂದು ಚೀಲ ಪಪ್ಪಾಯಿ ಎಲೆ ಹೊತ್ತು ಬಂದರು. ನಾನು ಬೆಂಗಳೂರಿಂದ ಆಫೀಸಿನ ಇಬ್ಬರು ಗೆಳೆಯರನ್ನು ಕಾರಲ್ಲಿ ಕೂರಿಸಿಕೊಂಡು, ಹಿರಿಯೂರಲ್ಲಿ ಒಂದು ಕಾಫಿಗೂ ನಿಲ್ಲಿಸದೆ ಓಡಿಸಿಕೊಂಡು ಬಂದೆ. ಅಕ್ಕನಿಗೆ ನಾಲ್ಕು ಚೀಲ ಪ್ಲೇಟ್‌ಲೆಟ್ ಹಾಕಿದರು. ಮರುದಿನ ಬೆಳಿಗ್ಗೆ 22 ಸಾವಿರ. ನಮಗೆಲ್ಲಾ ಖುಷಿ. ಸಂಜೆಗೆ 8 ಸಾವಿರ.

ಆ ನಾಲ್ಕು ಚೀಲ ಎಲ್ಲಿಗೆ ಹೋಯಿತು?

ಉತ್ತರ ಸಿಕ್ಕಿದ್ದು ಬೇರೆ ಊರಲ್ಲಿ, ಬೇರೆ ಡಾಕ್ಟರ ಹತ್ತಿರ. ಅವರು ಮೊದಲು ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ಮಿಷನ್ ಕೊಟ್ಟ ಅಂಕಿಯನ್ನು ನಂಬದೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹರಡಿಸಿ ಸೂಕ್ಷ್ಮದರ್ಶಕದಲ್ಲಿ ತಾವೇ ನೋಡಿದರು. ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಹಾಕಿರುವ ರಾಸಾಯನಿಕದಿಂದಲೇ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗುತ್ತವಂತೆ. ಮಿಷನ್ ಗೊಂಚಲನ್ನು ಒಂದೇ ಅಂತ ಎಣಿಸುತ್ತೆ. ರೋಗವೇ ಇಲ್ಲದವರಿಗೆ ರೋಗ ಅಂತ ರಿಪೋರ್ಟು ಬರುತ್ತೆ. ಅಕ್ಕನದು ಹಾಗಿರಲಿಲ್ಲ, ನಿಜಕ್ಕೂ ಕಡಿಮೆಯೇ ಇತ್ತು. ಹೆಪಟೈಟಿಸ್, ಎಚ್‌ಐವಿ, ಥೈರಾಯ್ಡ್ ಎಲ್ಲ ಪರೀಕ್ಷೆ ಮಾಡಿಸಿ, ಬೇರೆ ಕಾರಣ ಯಾವುದೂ ಸಿಗದೆ ಹೋದ ಮೇಲೆ ಹೆಸರು ಹೇಳಿದರು: ಇಮ್ಯೂನ್ ಥ್ರಾಂಬೋಸೈಟೋಪೀನಿಯಾ, ಚಿಕ್ಕದಾಗಿ ಐಟಿಪಿ. "ನಿಮ್ಮ ಮೈಯೇ ನಿಮ್ಮ ಪ್ಲೇಟ್‌ಲೆಟ್ ತಿಂತಾ ಇದೆ ಅಮ್ಮ" ಅಂದರು. ಅಕ್ಕ ಆವತ್ತು ರಾತ್ರಿ ಊಟ ಮಾಡಲಿಲ್ಲ.

ಮೈಯೇ ತಿನ್ನೋದು ಅಂದರೆ ಏನು ಅಂತ ಹೇಳ್ತೀನಿ. ರೋಗನಿರೋಧಕ ಶಕ್ತಿಯ ವಿಷಯ ಬಂದರೆ ನಮ್ಮ ಕಡೆಯವರು ಏಳು ಸುತ್ತಿನ ಕೋಟೆ, ಓಬವ್ವನ ಒನಕೆ ಅಂತ ಶುರು ಮಾಡ್ತಾರೆ. ಇಲ್ಲಿ ಆ ಹೋಲಿಕೆ ಕೆಲಸಕ್ಕೆ ಬರೋದಿಲ್ಲ. ಕಿಂಡಿಯಿಂದ ನುಗ್ಗಿದ ಶತ್ರು ಯಾರೂ ಇಲ್ಲ. ಕುರಿಸಂತೆ ನೆನಪು ಮಾಡಿಕೊಳ್ಳಿ. ವ್ಯಾಪಾರಿ ಕುರಿಯ ಹಲ್ಲು ನೋಡಿ, ಬೆನ್ನು ಮುಟ್ಟಿ, ಬೆಲೆ ಕುದುರಿಸಿ, ಕೊನೆಗೆ ಅದರ ಬೆನ್ನಿಗೆ ಒಂದು ಗೀಟು ಬಣ್ಣ ಎಳೆಯುತ್ತಾನೆ. ಸಂಜೆ ಲಾರಿಗೆ ತುಂಬುವ ಹುಡುಗನಿಗೆ ಕುರಿ ಯಾರದು, ಎಂಥದು ಏನೂ ಗೊತ್ತಿಲ್ಲ. ಬಣ್ಣ ಇದ್ದದ್ದನ್ನು ಎತ್ತಿ ಹಾಕುತ್ತಾನೆ.

ನಮ್ಮ ರಕ್ತದಲ್ಲಿ ಬಣ್ಣ ಹಚ್ಚುವವರು ಬಿ ಕೋಶಗಳು. ಅವು ಬಲಿತು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯಗಳನ್ನು ಸುರಿಸುತ್ತವೆ. ಆ ಪ್ರತಿಕಾಯ ಬ್ಯಾಕ್ಟೀರಿಯಾದ ಮೇಲೆ ಕೂರಬೇಕಿತ್ತು. ಐಟಿಪಿಯಲ್ಲಿ ಸ್ವಂತ ಪ್ಲೇಟ್‌ಲೆಟ್‌ನ ಮೇಲ್ಮೈ ಪ್ರೋಟೀನಿನ ಮೇಲೆ ಕೂರುತ್ತದೆ. ಲಾರಿ ತುಂಬುವ ಹುಡುಗ ಅಂದರೆ ಮ್ಯಾಕ್ರೋಫೇಜ್ ಅನ್ನೋ ದೊಡ್ಡ ಕೋಶ. ಅದರ ಮೈಮೇಲೆ ಪ್ರತಿಕಾಯದ ಬಾಲವನ್ನು ಹಿಡಿಯುವ ಕೊಂಡಿಗಳಿವೆ. ಹಿಡಿದಿದ್ದನ್ನು ನುಂಗುತ್ತೆ. ಇದು ಹೆಚ್ಚಾಗಿ ನಡೆಯೋದು ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬಿನ ಕೆಳಗಿರುವ ಮುಷ್ಟಿಗಾತ್ರದ ಗುಲ್ಮದಲ್ಲಿ. ರಕ್ತ ಅಲ್ಲಿ ಕಿರಿದಾದ ಸಂದುಗಳಲ್ಲಿ ತೂರಿಕೊಂಡು ನಿಧಾನವಾಗಿ ಹೋಗುತ್ತೆ. ತೂಗಿ ನೋಡೋಕೆ, ಹಿಡಿಯೋಕೆ ಹೇಳಿಮಾಡಿಸಿದ ಜಾಗ.

ಸಾಧಾರಣ ಪ್ಲೇಟ್‌ಲೆಟ್ ಎಂಟು ಹತ್ತು ದಿನ ಬದುಕುತ್ತೆ. ಮೂಳೆಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಪ್ಲೇಟ್‌ಲೆಟ್ ಹೊಸದಾಗಿ ಮಾಡಿ ಕಳಿಸುತ್ತೆ. ಬಣ್ಣ ಬಿದ್ದವು ಕೆಲವೇ ಗಂಟೆಗಳಲ್ಲಿ ಮಾಯ. ನನ್ನ ಗೆಳೆಯರ ಪ್ಲೇಟ್‌ಲೆಟ್‌ಗೂ ಆಗಿದ್ದು ಅದೇ. ಅಕ್ಕನ ರಕ್ತದಲ್ಲಿ ತೇಲುತ್ತಿದ್ದ ಪ್ರತಿಕಾಯ ಅವಕ್ಕೂ ಬಣ್ಣ ಹಚ್ಚಿತು. ಜೀವಕ್ಕೆ ಅಪಾಯವಾಗುವಂಥ ರಕ್ತಸ್ರಾವ ಆಗುತ್ತಿದ್ದರೆ ಬೇರೆ ಔಷಧಿಯ ಜೊತೆಗೆ ಪ್ಲೇಟ್‌ಲೆಟ್ ಹಾಕುತ್ತಾರೆ, ಅದು ಬೇಕು. ಬರೀ ಅಂಕಿ ಏರಿಸೋಕೆ ಹಾಕೋದು ತೂತಿನ ಬಿಂದಿಗೆಗೆ ನೀರು ಹೊತ್ತ ಹಾಗೆ.

ಹೀಗೇ ಆಗುತ್ತೆ ಅಂತ ತೋರಿಸಿಕೊಟ್ಟವನ ಕತೆ ಕೇಳಿದರೆ ಮೈ ಜುಂ ಅನ್ನುತ್ತೆ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಅನ್ನೋ ಯುವ ಡಾಕ್ಟರಿದ್ದ. ತಪ್ಪು ಮೂಳೆಮಜ್ಜೆಯದ್ದೋ ರಕ್ತದಲ್ಲಿರೋ ಏನೋ ಒಂದರದ್ದೋ ಅನ್ನೋದು ಆಗಿನ ಜಗಳ. ತನ್ನದೇ ರಕ್ತದ ಗುಂಪಿನ ಐಟಿಪಿ ರೋಗಿಯೊಬ್ಬಳ ಅರ್ಧ ಲೀಟರ್ ರಕ್ತವನ್ನು ಅವನು ತನ್ನ ಮೈಗೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್ ಪಾತಾಳಕ್ಕಿಳಿಯಿತು, ಫಿಟ್ಸ್ ಬಂತು, ಮೈಮೇಲೆಲ್ಲಾ ಕೆಂಪು ಚುಕ್ಕೆ. ಎದೆಮೂಳೆಗೆ ಸೂಜಿ ಹಾಕಿಸಿ ತನ್ನ ಮಜ್ಜೆಯನ್ನೂ ಪರೀಕ್ಷೆ ಮಾಡಿಸಿಕೊಂಡ. ಅಲ್ಲಿ ಪ್ಲೇಟ್‌ಲೆಟ್ ತಯಾರಿಸುವ ದೊಡ್ಡ ಕೋಶಗಳು ಹಾಗೇ ಇದ್ದವು. ದಿನಗಳು ಕಳೆದ ಮೇಲೆ ಅಂಕಿ ತಾನಾಗಿಯೇ ಏರಿತು. ದೋಷ ರಕ್ತದ ನೀರಿನಲ್ಲಿದೆ ಅನ್ನೋದು ಖಚಿತವಾಯಿತು. 1951ರಲ್ಲಿ ಅದು ಪ್ರಕಟವಾಯಿತು. ಆ ದೋಷ ಐಜಿಜಿ ಅನ್ನುವ ಪ್ರತಿಕಾಯ ಅಂತ ಮುಂದಿನ ದಶಕದಲ್ಲಿ ಗೊತ್ತಾಯಿತು. ಇವತ್ತು ಯಾವ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡೋದಿಲ್ಲ, ಕೊಡಬಾರದು ಕೂಡ. ಆದರೆ ಅಕ್ಕನಿಗೆ ಈ ಕತೆ ಹೇಳಿದಾಗ ಅವಳು ಮೊದಲ ಸಲ ನಕ್ಕಳು. "ಪುಣ್ಯಾತ್ಮ, ಬದುಕಿದ್ನಾ ಕೊನೆಗೆ?" ಬದುಕಿದ.

ಬಣ್ಣ ಹಚ್ಚುವವನು, ಲಾರಿ ತುಂಬುವವನು ಇಷ್ಟೇ ಆಗಿದ್ದರೆ ಅಕ್ಕನ ಪ್ರಶ್ನೆಗೆ ಉತ್ತರ ಸುಲಭ ಇತ್ತು. ಇನ್ನೂ ಮೂರು ಪಾತ್ರಗಳಿವೆ.

ಪ್ಲೇಟ್‌ಲೆಟ್ ನುಂಗಿದ ಮ್ಯಾಕ್ರೋಫೇಜ್ ಸುಮ್ಮನೆ ಕೂರೋದಿಲ್ಲ. ತಿಂದದ್ದರ ಚೂರುಗಳನ್ನು ತನ್ನ ಮೈಮೇಲೆ ಇಟ್ಟುಕೊಂಡು ಸಹಾಯಕ ಟಿ ಕೋಶಗಳಿಗೆ ತೋರಿಸುತ್ತೆ, "ನೋಡ್ರಪ್ಪಾ, ಇಂಥದ್ದು ಸಿಕ್ತು" ಅಂತ. ಅವು ಉದ್ರೇಕಗೊಂಡು ಬಿ ಕೋಶಗಳಿಗೆ ಇನ್ನಷ್ಟು ಬಣ್ಣ ತಯಾರಿಸಲು ಹೇಳುತ್ತವೆ. ತಿಂದಷ್ಟೂ ಬಣ್ಣ ಜಾಸ್ತಿ, ಬಣ್ಣ ಜಾಸ್ತಿಯಾದಷ್ಟೂ ತಿನ್ನೋದು ಜಾಸ್ತಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ನಿಲ್ಲಿಸುವ ಷರತ್ತೇ ಬರೆಯದ ಲೂಪ್.

ನಿಲ್ಲಿಸಲು ಮೈಯಲ್ಲಿ ಏರ್ಪಾಡು ಇಲ್ಲ ಅಂತಲ್ಲ, ಇದೆ. ನಿಯಂತ್ರಕ ಟಿ ಕೋಶಗಳು. ಊರಿನ ಹಿರಿಯರಿದ್ದ ಹಾಗೆ, ಕೈ ಎತ್ತಿದವನ ಕೈ ಹಿಡಿದು "ಇವನು ನಮ್ಮವನೇ, ಬಿಡು" ಅನ್ನೋ ಕೆಲಸ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದಾಗ ಬಹಳ ಜನ ನಂಬಿರಲಿಲ್ಲ. ಅವರಿಗೆ, ಜೊತೆಗೆ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಇಬ್ಬರಿಗೆ 2025ರ ವೈದ್ಯಶಾಸ್ತ್ರದ ನೊಬೆಲ್ ಬಂತು. ಐಟಿಪಿ ಇರುವ ಅನೇಕರಲ್ಲಿ ಈ ಹಿರಿಯರ ಸಂಖ್ಯೆಯೋ ಶಕ್ತಿಯೋ ಕುಗ್ಗಿರುತ್ತೆ. ಚಿಕಿತ್ಸೆ ಹಿಡಿದವರಲ್ಲಿ ಮತ್ತೆ ಚೇತರಿಸಿಕೊಳ್ಳೋದೂ ಕಂಡುಬಂದಿದೆ.

ಮೂರನೆಯದು ಕೊಲ್ಲುವ ಟಿ ಕೋಶ, ಸಿಡಿ8 ಅಂತಾರೆ. ಇದಕ್ಕೆ ಬಣ್ಣದ ಹಂಗಿಲ್ಲ. ಕೆಲವು ರೋಗಿಗಳಲ್ಲಿ ಇದು ನೇರವಾಗಿ ಪ್ಲೇಟ್‌ಲೆಟ್‌ಗೆ ಕೈ ಹಾಕುತ್ತೆ, ಮೂಳೆಮಜ್ಜೆಯಲ್ಲಿರುವ ತಾಯಿಕೋಶಕ್ಕೂ ಹಾಕುತ್ತೆ. ಅಂದರೆ ಹ್ಯಾರಿಂಗ್ಟನ್ ಹೇಳಿದ್ದು ನಿಜ, ಪೂರ್ತಿ ನಿಜ ಅಲ್ಲ. ಕೆಲವರಲ್ಲಿ ತಿನ್ನೋದೂ ಜಾಸ್ತಿ, ತಯಾರಾಗೋದೂ ಕಡಿಮೆ.

ಇವರಲ್ಲಿ ಯಾರ ಪಾಲು ಎಷ್ಟು ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಹಾಗಾಗಿ ಪಕ್ಕದೂರಿನವರಿಗೆ ಹಿಡಿದ ಔಷಧಿ ನಮಗೆ ಹಿಡಿಯಬೇಕು ಅಂತಿಲ್ಲ. ಚಿಕ್ಕ ಮಕ್ಕಳಲ್ಲಂತೂ ಇದು ವೈರಸ್ ಜ್ವರ ಆದ ಮೇಲೆ ಬಂದು, ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತೆ. ರಕ್ತ ಸೋರದಿದ್ದರೆ ಬರೀ ಕಾದು ನೋಡಿ ಅಂತಲೇ ಹೇಳುವುದುಂಟು. ದೊಡ್ಡವರಲ್ಲಿ ಅಷ್ಟು ಸುಲಭಕ್ಕೆ ಹೋಗೋದಿಲ್ಲ. ಯುರೋಪಿನ ಲೆಕ್ಕದಲ್ಲಿ ಪ್ರತಿ ಲಕ್ಷ ವಯಸ್ಕರಲ್ಲಿ ವರ್ಷಕ್ಕೆ ಮೂರರ ಆಸುಪಾಸು ಹೊಸ ರೋಗಿಗಳು. 2011ರ ಜನಗಣತಿಯ ಪ್ರಕಾರ ನಮ್ಮ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಹದಿನಾರೂವರೆ ಲಕ್ಷ. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಹೊಂದುತ್ತೆ ಅಂತಲ್ಲ. ಆದರೂ ಪ್ರತಿ ವರ್ಷ ಹತ್ತಾರು ಅಕ್ಕಂದಿರು ಕಾಲಿನ ಚುಕ್ಕೆ ನೋಡಿಕೊಂಡು ಸೊಳ್ಳೆ ಬತ್ತಿ ಹಚ್ಚುತ್ತಿರಬಹುದು.

ಅಕ್ಕನಿಗೆ ಮೊದಲು ಕೊಟ್ಟಿದ್ದು ಸ್ಟೀರಾಯ್ಡ್. ಅದು ಮ್ಯಾಕ್ರೋಫೇಜ್‌ನ ಹಸಿವನ್ನು ತಗ್ಗಿಸುತ್ತೆ, ಟಿ ಮತ್ತು ಬಿ ಕೋಶಗಳ ಗಲಾಟೆಯನ್ನೂ ಕಡಿಮೆ ಮಾಡುತ್ತೆ. ಎರಡು ವಾರದಲ್ಲಿ 1 ಲಕ್ಷ 10 ಸಾವಿರ. ಡೋಸ್ ಇಳಿಸಿದರೆ 18 ಸಾವಿರ. ಮತ್ತೆ ಏರಿಸಿದರು, ಮತ್ತೆ ಇಳಿಯಿತು. ಮೂರು ಸಲ. ಈ ನಡುವೆ ಅಕ್ಕನ ಮುಖ ಚಂದ್ರನ ಹಾಗೆ ದುಂಡಗಾಯಿತು, ಸಕ್ಕರೆ ಏರಿತು, ರಾತ್ರಿ ಎರಡು ಗಂಟೆಗೆ ಎದ್ದು ಪಾತ್ರೆ ತಿಕ್ಕುತ್ತಿದ್ದಳು. ತಂಗಿ ಮದುವೆಯ ಫೋಟೋದಲ್ಲಿ ಅವಳಿಲ್ಲ. ಹೊಸ ರೋಗಿಗೆ ಆರು ವಾರಕ್ಕಿಂತ ಹೆಚ್ಚು ಸ್ಟೀರಾಯ್ಡ್ ಎಳೆಯಬೇಡಿ ಅಂತ ಅಮೆರಿಕದ ರಕ್ತತಜ್ಞರ ಸಂಘದ 2019ರ ಮಾರ್ಗಸೂಚಿಯೇ ಹೇಳುತ್ತೆ. ಅದನ್ನು ನಾನು ಓದಿದ್ದು ಒಂದು ವರ್ಷ ತಡವಾಗಿ. ಅದು ಈಗಲೂ ಹೊಟ್ಟೆ ಉರಿಸುತ್ತೆ.

ತುರ್ತಿಗೆ ಕೊಡುವ ಇನ್ನೊಂದು ಔಷಧಿ ಇಮ್ಯುನೋಗ್ಲೋಬ್ಯುಲಿನ್. ಸಾವಿರಾರು ಜನರ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳ ದ್ರಾವಣ. ಅದು ಕೆಲಸ ಮಾಡುವ ಒಂದು ದಾರಿ ಮಜವಾಗಿದೆ: ಮ್ಯಾಕ್ರೋಫೇಜ್‌ನ ಕೊಂಡಿಗಳಿಗೆಲ್ಲ ಬೇರೆ ಪ್ರತಿಕಾಯ ಸಿಕ್ಕಿಸಿ, ಕೈ ಖಾಲಿ ಇಲ್ಲದ ಹಾಗೆ ಮಾಡೋದು. ಬೇಗ ಏರುತ್ತೆ, ಕೆಲವು ವಾರದಲ್ಲಿ ಇಳಿಯುತ್ತೆ, ಬಿಲ್ಲು ನೋಡಿದರೆ ತೆಂಗಿನ ಎರಡು ಕೊಯ್ಲು ಹೋಗುತ್ತೆ. ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನೇ ಅಳಿಸುತ್ತೆ. ಆದರೆ ಬಲಿತ ಪ್ಲಾಸ್ಮಾ ಕೋಶದ ಮೇಲೆ ಆ ಔಷಧಿ ಹುಡುಕುವ ಗುರುತು ಇರೋದಿಲ್ಲ. ಅವು ಗುಲ್ಮದಲ್ಲಿ, ಮಜ್ಜೆಯಲ್ಲಿ ಅವಿತು ಬಣ್ಣ ಸುರಿಸುತ್ತಲೇ ಇರುತ್ತವೆ. ಮೊದಲು ಅರ್ಧಕ್ಕಿಂತ ಹೆಚ್ಚು ಜನರಿಗೆ ಗುಣ ಕಂಡರೂ ಐದು ವರ್ಷದ ಹೊತ್ತಿಗೆ ಅದನ್ನು ಉಳಿಸಿಕೊಂಡವರು ಸುಮಾರು ಐವರಲ್ಲಿ ಒಬ್ಬರು.

ಈಗ ಗುಲ್ಮ. 1916ರಲ್ಲಿ ಪ್ರಾಗ್ ನಗರದಲ್ಲಿ ಪಾಲ್ ಕಾಜ್ನೆಲ್ಸನ್ ಅನ್ನೋ ವೈದ್ಯವಿದ್ಯಾರ್ಥಿ ತನ್ನ ಪ್ರೊಫೆಸರನ್ನು ಒಪ್ಪಿಸಿ ಇಂಥದೇ ರೋಗಿಯೊಬ್ಬಳ ಗುಲ್ಮ ತೆಗೆಸಿದ. ಪ್ರತಿಕಾಯ ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಗುಲ್ಮವೇ ತಿನ್ನುತ್ತಿರಬೇಕು ಅನ್ನೋ ಊಹೆಯ ಮೇಲೆ. ಪ್ಲೇಟ್‌ಲೆಟ್ ಏರಿತು. ಇವತ್ತಿಗೂ ಗುಲ್ಮ ತೆಗೆದವರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಬಹುಕಾಲ ಔಷಧಿಯೇ ಬೇಕಾಗೋದಿಲ್ಲ. ಬೇರೆ ಯಾವ ಚಿಕಿತ್ಸೆಗೂ ಅಷ್ಟು ಒಳ್ಳೆಯ ದಾಖಲೆ ಇಲ್ಲ. ಭಾವ ಹಿಡಿದಿರೋದು ಇದನ್ನೇ. "ಒಂದ್ಸಲ ಕೊಯ್ಸಿದ್ರೆ ಮುಗೀತೈತೆ. ತಿಂಗ್ಳಾ ತಿಂಗ್ಳಾ ಎಷ್ಟು ಅಂತ ಸುರಿಯೋದು?" ಅವರ ಮಾತಲ್ಲಿ ತಪ್ಪಿಲ್ಲ. ತೋಟದ ಲೆಕ್ಕ ಬರೆಯೋದು ಅವರು, ನಾನಲ್ಲ.

ಉಳಿದ ಮೂರನೆಯವರ ಗತಿ ಏನು? ಬಣ್ಣ ಬಿದ್ದ ಪ್ಲೇಟ್‌ಲೆಟ್ ಕೆಲವರಲ್ಲಿ ಪಿತ್ತಜನಕಾಂಗದಲ್ಲೂ ನಾಶವಾಗುತ್ತೆ. ಕೊಲ್ಲುವ ಟಿ ಕೋಶದ ಪಾಲು ಜಾಸ್ತಿ ಇದ್ದರೆ ಗುಲ್ಮ ಹೋದರೂ ಮಜ್ಜೆಯಲ್ಲಿ ಕಾಟ ನಿಲ್ಲೋದಿಲ್ಲ. ಪ್ಲೇಟ್‌ಲೆಟ್‌ಗೆ ವಿಕಿರಣದ ಗುರುತು ಹಾಕಿ ಅದು ಎಲ್ಲಿ ಸಾಯುತ್ತೆ ಅಂತ ನೋಡುವ ಸ್ಕ್ಯಾನ್ ಹೊರದೇಶದ ಕೆಲವು ಕಡೆ ಇದೆ; ನಮ್ಮ ಡಾಕ್ಟರು ಅದರ ಮೇಲೆ ಆಸೆ ಇಟ್ಕೋಬೇಡಿ ಅಂದರು. ತೆಗೆದ ಗುಲ್ಮವನ್ನು ವಾಪಸ್ ಇಡೋಕಾಗಲ್ಲ. ರಕ್ತದಲ್ಲಿ ಸೇರಿದ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾವನ್ನು ಸೋಸುವುದರಲ್ಲಿ ಗುಲ್ಮದ ಪಾತ್ರ ದೊಡ್ಡದು. ಅದು ಇಲ್ಲದವರಿಗೆ ಜ್ವರ ಬಂದರೆ ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ, ಗಂಟೆಗಳಲ್ಲಿ ಆಂಟಿಬಯೋಟಿಕ್ ಬೀಳಬೇಕು. ನಾಯಿ ಕಚ್ಚಿದರೂ ಅಪಾಯ ಹೆಚ್ಚು. ಅಕ್ಕನ ಊರಿಗೆ ರಾತ್ರಿ ಎಂಟರ ಮೇಲೆ ಬಸ್ಸಿಲ್ಲ.

ನಾನು ಹೇಳಿದ್ದು ಇಷ್ಟು: ಈಗಲೇ ಬೇಡ. ಇನ್ನೂ ಒಂದು ದಾರಿ ನೋಡಿಲ್ಲ. ಎಲ್‌ಟ್ರಾಂಬೋಪ್ಯಾಗ್ ಅನ್ನೋ ಮಾತ್ರೆ ತಿನ್ನುವವರ ತಂಟೆಗೆ ನೇರವಾಗಿ ಹೋಗೋದಿಲ್ಲ, ಮಜ್ಜೆಯಲ್ಲಿ ತಯಾರಿಕೆ ಹೆಚ್ಚಿಸುತ್ತೆ. 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಕೈಗೆಟುಕುವ ಮಾತಾಗಿರಲಿಲ್ಲ. ಈಗ ನಮ್ಮ ದೇಶದ ಜೆನೆರಿಕ್ ಸಿಗುತ್ತೆ. ಆರು ತಿಂಗಳು ನೋಡಿ, ಆಮೇಲೆ ಭಾವನ ಮಾತು. ಡಾಕ್ಟರಿಗೂ ಇದು ಸರಿ ಅನ್ನಿಸಿತು. ಜೊತೆಗೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳನ್ನು ಈಗಲೇ ಶುರು ಮಾಡಿ ಅಂದರು. ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲು ಅವು ಬಿದ್ದಿರಬೇಕು. ರಿಟುಕ್ಸಿಮ್ಯಾಬ್ ಕೊಟ್ಟ ಮೇಲೆ ಹಾಕಿದರೆ ಲಸಿಕೆಗೆ ಪ್ರತಿಕಾಯ ಮಾಡೋಕೆ ಬಿ ಕೋಶವೇ ಇರೋದಿಲ್ಲ.

ಮಾತ್ರೆಯ ಪೊಟ್ಟಣದಲ್ಲಿದ್ದ ಚೀಟಿ ಓದಿ ನಾನು ದಂಗಾದೆ. ಹಾಲು, ಮೊಸರು, ಕ್ಯಾಲ್ಸಿಯಂ ಇರುವ ಆಹಾರದ ಜೊತೆ ತಗೊಂಡರೆ ಔಷಧಿ ಅದಕ್ಕೇ ಅಂಟಿಕೊಂಡು ರಕ್ತಕ್ಕೆ ಸೇರೋದೇ ಇಲ್ಲ. ತಿನ್ನುವುದಕ್ಕೆ ಎರಡು ಗಂಟೆ ಮೊದಲು ಅಥವಾ ತಿಂದ ನಾಲ್ಕು ಗಂಟೆ ಮೇಲೆ ತಗೋಬೇಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆ ಚೀಟಿ ಬರೆದವರಿಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಎರಡು ಹೊತ್ತು ಮುದ್ದೆ, ಮೇಲೆ ಮಜ್ಜಿಗೆ ಅಂತ ಹೇಗೆ ಗೊತ್ತಿರಬೇಕು! ಮೊದಲ ತಿಂಗಳು ಅಕ್ಕ ರಾತ್ರಿ ಮುದ್ದೆ ಉಂಡು, ಒಂದು ಲೋಟ ಹಾಲು ಕುಡಿದು ಮಾತ್ರೆ ನುಂಗಿದ್ದಳು. 14 ಸಾವಿರ. ಔಷಧಿ ಹಿಡಿಯಲಿಲ್ಲ ಅಂತ ಭಾವ ಆಪರೇಷನ್ ತಾರೀಖು ಕೇಳೋಕೆ ಹೊರಟಿದ್ದರು. ಈಗ ಮುದ್ದೆ ಮಧ್ಯಾಹ್ನಕ್ಕೆ ಮಾತ್ರ, ರಾತ್ರಿ ಏಳಕ್ಕೆ ಅನ್ನ ಸಾರು, ಮೊಸರಿಲ್ಲ. ಹತ್ತು ಗಂಟೆಗೆ ಮಾತ್ರೆ. ಮಗ ಫೋನಿನಲ್ಲಿ ಅಲಾರಾಂ ಇಟ್ಟುಕೊಟ್ಟಿದ್ದಾನೆ. ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು, ಅದಕ್ಕೆ ಚಿತ್ರದುರ್ಗಕ್ಕೆ ಹೋಗಿಬರ್ತಾಳೆ.

ಊರಲ್ಲಿ ಮಂಡಿನೋವು ಅಂದರೆ ಸೊಂಟಕ್ಕೆ ಸೂಜಿ ಚುಚ್ಚುವವರು ಇದ್ದಾರೆ. ಅವರ ಹತ್ತಿರ ಹೋಗಬೇಡ, ನೋವಿನ ಮಾತ್ರೆ ಅಂತ ಆಸ್ಪಿರಿನ್, ಐಬುಪ್ರೊಫೆನ್ ತಗೋಬೇಡ ಅಂತ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಬಂದಿದ್ದೇನೆ. ಅಂಕಿಗಿಂತ ರಕ್ತ ಸೋರುತ್ತಿದೆಯಾ ಅನ್ನೋದು ಮುಖ್ಯ ಅಂತಲೂ ಬರೆದಿದ್ದೇನೆ. ಜೋರು ತಲೆನೋವು, ವಾಂತಿಯಲ್ಲಿ ರಕ್ತ, ಕಪ್ಪು ಮಲ ಆದರೆ ಯಾರನ್ನೂ ಕೇಳದೆ ಹೊರಡು. ದೊಡ್ಡಮ್ಮ ಇನ್ನೂ ಪಪ್ಪಾಯಿ ಎಲೆ ಕಳಿಸ್ತಾರೆ. ಅಕ್ಕ ಹಸುವಿಗೆ ಹಾಕ್ತಾಳೆ.

ಹೋದ ವಾರದ ರಿಪೋರ್ಟ್ ವಾಟ್ಸಾಪಿನಲ್ಲಿ ಬಂತು: 54 ಸಾವಿರ. ಮುಟ್ಟು ಐದು ದಿನಕ್ಕೆ ನಿಂತಿದೆಯಂತೆ. ಭಾವ ಆಪರೇಷನ್ ಮಾತು ಬಿಟ್ಟಿಲ್ಲ, ನಾನೂ ಬಿಡಿ ಅಂದಿಲ್ಲ. ಆರು ತಿಂಗಳಿಗೆ ಇನ್ನೂ ಎರಡು ಬಾಕಿ ಇದೆ.